ಎರಡು ಕೊರಳಿನ ಹಾಡು: ಗೇರುಸೊಪ್ಪೆಯ ಸೀಮೆಯ ಜನಪದಗೀತಗಳಲ್ಲಿ ಕರ್ತೃತ್ವವಿಚಾರ

೧

ಶರಾವತೀ ನದಿಯ ದಡದಲ್ಲಿರುವ ಗೇರುಸೊಪ್ಪೆಯು ಕನ್ನಡ ಸಾಹಿತ್ಯದ ಇತಿಹಾಸವನ್ನು ಓದಿದವರಿಗೆ ಅಪರಿಚಿತವಾದ ಊರಲ್ಲ. ಮೆಣಸಿನ ವ್ಯಾಪಾರದಿಂದ ಪೋರ್ತುಗೀಸರ ಬಾಯಲ್ಲಿಯೂ ಹೆಸರಾಗಿದ್ದ ರಾಣಿ ಚೆನ್ನಭೈರಾದೇವಿಯ ರಾಜಧಾನಿಯಿದು. ಹದಿನಾರನೆಯ ಶತಮಾನದಲ್ಲಿ ಈ ಸೀಮೆಯು ವಿದ್ವಾಂಸರಿಗೂ ಕವಿಗಳಿಗೂ ಆಶ್ರಯವಾಗಿದ್ದಿತು. ಗೇರುಸೊಪ್ಪೆಯ ಅಭಿನವವಾದಿ ವಿದ್ಯಾನಂದನು ಹಿಂದಿನ ಕವಿಗಳ ಪದ್ಯಗಳನ್ನಾಯ್ದು 'ಕಾವ್ಯಸಾರ'ವನ್ನು ಸಂಕಲಿಸಿದನು. ಸಾಳ್ವಮಲ್ಲನ ಆಶ್ರಯದಲ್ಲಿದ್ದ ಸಾಳ್ವಕವಿಯು ಭಾಮಿನೀಷಟ್ಪದಿಯಲ್ಲಿ ಭಾರತವನ್ನೂ, 'ರಸರತ್ನಾಕರ'ವೆಂಬ ಲಕ್ಷಣಗ್ರಂಥವನ್ನೂ ರಚಿಸಿದನು. ಭಟ್ಕಳದ ಬಳಿಯ ಹಾಡುವಳ್ಳಿಯು ಇದೇ ಸಂಸ್ಕೃತಿಯ ಇನ್ನೊಂದು ನೆಲೆ; ಆ ಊರಿನ ಹೆಸರನ್ನು ಸಂಸ್ಕೃತಕ್ಕೆ ತಿರುಗಿಸಿ ಪಂಡಿತರು ಸಂಗೀತಪುರವೆಂದರು. ಅಲ್ಲಿಯ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕನು ೧೬೦೪ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ೫೯೨ ಸೂತ್ರಗಳಲ್ಲಿ ಬರೆದು, ಅದಕ್ಕೆ ತಾನೇ ವೃತ್ತಿಯನ್ನೂ, ಆ ವೃತ್ತಿಗೆ ತಾನೇ ವ್ಯಾಖ್ಯಾನವನ್ನೂ ರಚಿಸಿದನು.

ಈ ಕೃತಿಗಳಿಗೆಲ್ಲ ಕರ್ತೃಗಳ ಹೆಸರುಗಳುಂಟು. ಆದರೆ 'ಹಾಡುವಳ್ಳಿ' ಎಂಬ ಅಚ್ಚಗನ್ನಡ ಹೆಸರನ್ನು ಹೊತ್ತ ಊರಿನ ಸುತ್ತಣ ಗದ್ದೆಬಯಲುಗಳಲ್ಲಿಯೂ, ಹೊನ್ನಾವರ ಕುಮಟೆಗಳ ಕೇರಿಕೊಪ್ಪಗಳಲ್ಲಿಯೂ ತಲೆಮಾರುಗಳಿಂದ ಹಾಡಿಕೊಂಡು ಬಂದ ಹಾಡುಗಳಿಗೆ ಕರ್ತೃವಿನ ಹೆಸರಿಲ್ಲ, ಅಂಕಿತವಿಲ್ಲ. ಹೆಸರಿಲ್ಲದಿರುವುದನ್ನು ಕಂಡು ಇವು 'ಜನಸಮೂಹದ ಸೃಷ್ಟಿ' ಎಂದು ಹೇಳಿ ಮುಂದಕ್ಕೆ ಹೋಗುವುದು ವಿಮರ್ಶಕರ ವಾಡಿಕೆಯಾಗಿದೆ. ಈ ಮಾತು ಸುಳ್ಳಲ್ಲವಾದರೂ ಸಾಲದು. ಸಮೂಹವು ಒಟ್ಟಾಗಿ ಕುಳಿತು ಪದ ಕಟ್ಟುವುದನ್ನು ಕಂಡವರಿಲ್ಲ. ಕಂಡುಬರುವುದು ಒಬ್ಬಳು ಸೊಲ್ಲೆತ್ತುವುದು, ಇನ್ನೊಬ್ಬಳು ಅದನ್ನು ಹಿಡಿಯುವುದು.

ಇತ್ತೀಚಿನ ವರ್ಷಗಳಲ್ಲಿ ಒಂದೊಂದೇ ಹಾಡನ್ನು ಬಿಡಿಯಾಗಿ ಧ್ವನಿಮುದ್ರಿಸಿ 'ಸಿಂಗಲ್' ಎಂಬ ಹೆಸರಿನಿಂದ ಹೊರತರುವ ಪದ್ಧತಿಯು ಬಳಕೆಗೆ ಬಂದಿದೆ. ಜನಪದ ಶೈಲಿಯಲ್ಲಿ ಪದ ಕಟ್ಟುವ ಇಬ್ಬರು ಕೂಡಿ ಅಂತಹ ಒಂದು ಹಾಡನ್ನು ಹೊರತಂದರೆ, ಜೊತೆಗೂಡಿ ರಚಿಸಿದರೆಂಬುದೇ ಒಂದು ವಿಶೇಷವಾರ್ತೆಯಾಗುತ್ತದೆ. ಗೇರುಸೊಪ್ಪೆಯ ಸೀಮೆಯ ಹಾಡಿಕೆಯನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ತೋರಲಾರದು. ಅಲ್ಲಿ ಇಬ್ಬರಿಲ್ಲದೆ ಹಾಡಿಗೆ ಆರಂಭವೇ ಇಲ್ಲದ ಸಂದರ್ಭಗಳು ಎಷ್ಟೋ ಉಂಟು. ಈ ಎರಡನೆಯ ಕೊರಳು ಹಾಡಿನ ರಚನೆಯಲ್ಲಿ ಎಷ್ಟರಮಟ್ಟಿಗೆ ಭಾಗಿಯಾಗಿದೆ, ಅದನ್ನು ಕೈಬಿಟ್ಟ ಮುದ್ರಣವೂ ಬಿರುದೂ ಹಾಡಿಗೆ ಎಷ್ಟು ನಷ್ಟವನ್ನುಂಟುಮಾಡಿವೆ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

೨

ಕುಮಟೆ, ಹೊನ್ನಾವರ, ಭಟ್ಕಳ ತಾಲೂಕುಗಳ ಹಾಡಿನ ಸಂಪತ್ತು ಒಂದೇ ಸಮುದಾಯದ್ದಲ್ಲ. ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು, ಹವ್ಯಕರು, ಭಟ್ಕಳದ ಕಡೆಯ ಗೊಂಡರು ಮೊದಲಾದವರಿಗೆ ತಮ್ಮ ತಮ್ಮ ಹಾಡುಗಳುಂಟು. ಇವರಲ್ಲಿ ಹಾಲಕ್ಕಿಗಳು ಕುಮಟೆ ಹೊನ್ನಾವರಗಳಲ್ಲಿಯೂ, ಅದರಾಚೆ ಅಂಕೋಲೆಯಿಂದ ಕಾರವಾರದ ಕಡೆಗೂ ಹಬ್ಬಿಕೊಂಡಿರುವರು. ಫಾಲ್ಗುಣದ ಸುಗ್ಗಿಯಲ್ಲಿ ಗಂಡಸರು ಬಣ್ಣದ ತುರಾಯಿಗಳನ್ನು ಕಟ್ಟಿ ಮನೆಮನೆಗೆ ಹೋಗಿ ಕುಣಿಯುವರು. ಗುಮಟೆಯ ನಾದಕ್ಕೆ ಕಥೆಯ ಪದಗಳನ್ನು ಹಾಡುವುದಕ್ಕೆ ಗುಮಟೆಪಾಂಗು ಎಂದು ಹೆಸರು. ಗುಮಟೆಯು ಎರಡು ಬಾಯಿಗಳುಳ್ಳ ಮಣ್ಣಿನ ಗಡಿಗೆ. ದೊಡ್ಡ ಬಾಯಿಗೆ ಉಡದ ಚರ್ಮವನ್ನು ಬಿಗಿದು, ಚಿಕ್ಕ ಬಾಯನ್ನು ತೆರೆದಿರಿಸಿ, ಅದನ್ನು ಒಂದು ಕೈಯಿಂದ ಮುಚ್ಚಿ ತೆರೆದು ನಾದವನ್ನು ಮಾರ್ಪಡಿಸುವುದು ಹಳೆಯ ಕ್ರಮ. ವನ್ಯಜೀವಿ ಸಂರಕ್ಷಣೆಯ ೧೯೭೨ರ ಶಾಸನದಿಂದ ಉಡದ ಚರ್ಮಕ್ಕೆ ನಿಷೇಧವುಂಟಾಯಿತು. ನೆರೆಯ ಗೋವೆಯಲ್ಲಿ ಆಡಿನ ಚರ್ಮವನ್ನು ಬಳಸಿ ಇದೇ ಜಾತಿಯ ವಾದ್ಯವನ್ನು ಉಳಿಸಿಕೊಂಡಿರುವರು. ಆ ರಾಜ್ಯದ ಸರಕಾರವು ೨೦೧೯ರಲ್ಲಿ ಅದನ್ನು ತನ್ನ ಪರಂಪರೆಯ ವಾದ್ಯವೆಂದು ಸಾರಿತು.

ಹೆಂಗಸರ ಹಾಡಿಗೆ ಇಂತಹ ವಾದ್ಯವು ಬೇಡ. ಮದುವೆಯ ಚಪ್ಪರದಲ್ಲಿ, ನೆಟ್ಟಿಯ ಗದ್ದೆಯಲ್ಲಿ, ಭತ್ತ ಕುಟ್ಟುವ ಒರಳಿನ ಬಳಿಯಲ್ಲಿ ಕೊರಳಿಗೆ ಕೊರಳೇ ಶ್ರುತಿ. ಒಬ್ಬಳು, ಇಲ್ಲವೆ ಇಬ್ಬರು, ಒಂದು ಸೊಲ್ಲನ್ನು ಹಾಡಿ ಮುಗಿಸುವಷ್ಟರಲ್ಲಿ ಎದುರು ಕುಳಿತವರು ಅದನ್ನೇ ಎತ್ತಿಕೊಳ್ಳುವರು. ಅವರು ಹಾಡುತ್ತಿರುವಾಗ ಮೊದಲಿನವರಿಗೆ ಉಸಿರು ತಿರುಗಿಸಿಕೊಳ್ಳಲೂ ಮುಂದಿನ ಸೊಲ್ಲನ್ನು ನೆನೆಯಲೂ ಅವಕಾಶವಾಗುತ್ತದೆ. ಈ ಕ್ರಮಕ್ಕೆ ಮೂಲವು ದುಡಿಮೆಯಲ್ಲಿಯೇ ಇರಬೇಕೆಂದು ತೋರುತ್ತದೆ. ಒಂದೇ ಒರಳಿಗೆ ಇಬ್ಬರು ಎದುರುಬದುರಾಗಿ ನಿಂತು ಒನಕೆ ಹಾಕುವಾಗ ಒಬ್ಬಳ ಒನಕೆ ಏಳುವ ಹೊತ್ತಿಗೆ ಇನ್ನೊಬ್ಬಳದು ಇಳಿಯಬೇಕು. ತಪ್ಪಿದರೆ ಎರಡೂ ತಗುಲುವುವು. 'ಸುವ್ವಿ' ಎಂಬ ಪಲ್ಲವಿಯ ಮಾತು ಈ ಏರಿಳಿತದ ನಡುವಣ ಕೀಲು. ಕುಟ್ಟುವಾಗ ಹಾಡುವುದು ಬಹು ಹಳೆಯ ಪದ್ಧತಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಮಹಾರಾಷ್ಟ್ರದ ಹೆಂಗಸರು ಭತ್ತ ಕುಟ್ಟುವಾಗ ಓವಿಯನ್ನು ಹಾಡುವರೆಂದು ತಿಳಿಸಿರುವನು.

ಹೊನ್ನಾವರದ ನೆಲಕ್ಕೆ ಇಬ್ಬರ ರಚನೆ ಅಪರಿಚಿತವಲ್ಲವೆಂಬುದಕ್ಕೆ ಯಕ್ಷಗಾನವೂ ಸಾಕ್ಷಿ. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಇಡಗುಂಜಿ ಮೇಳವನ್ನು ಸ್ಥಾಪಿಸಿದರು. ಆ ರಂಗದ ಮೇಲೆ ಪ್ರಸಂಗದ ಪದ್ಯಕ್ಕೆ ಕರ್ತೃವಿರುವನು; ಆ ಪದ್ಯವನ್ನು ಭಾಗವತನು ಹಾಡಿದ ಮೇಲೆ ವೇಷಧಾರಿಯು ಹೇಳುವ ಅರ್ಥವು ಆಗಲೇ ಹುಟ್ಟುವುದು. ಪದ್ಯವೊಂದೇ ಆಟವಾಗಲಾರದು, ಅರ್ಥವೊಂದೇ ಆಟವಾಗಲಾರದು. ಹೆಂಗಸರ ಹಾಡಿನಲ್ಲಿ ಇದೇ ನ್ಯಾಯವು ಇನ್ನೂ ಸೂಕ್ಷ್ಮವಾಗಿ ನಡೆಯುತ್ತದೆ.

೩

ಎರಡನೆಯ ಕೊರಳು ಮಾಡುವುದೇನು? ಹಾಡಿದ್ದನ್ನು ಮರಳಿ ಹಾಡುವುದು. ಇದನ್ನು ಕಾಗದದ ಮೇಲೆ ನೋಡಿದ ಪಂಡಿತನಿಗೆ ಮೊದಲು ತೋರುವುದು ಪುನರುಕ್ತಿದೋಷ. ಆದರೆ ಶಾಸ್ತ್ರಕಾರರೇ ಎಲ್ಲ ಪುನರುಕ್ತಿಯನ್ನೂ ದೋಷವೆಂದು ಎಣಿಸಿಲ್ಲ. ವೀಪ್ಸೆ, ಸಂಭ್ರಮ ಮೊದಲಾದ ಅರ್ಥಗಳಲ್ಲಿ ದ್ವಿರುಕ್ತಿಯು ಸಾಧುವೆಂದು ವೈಯಾಕರಣರು ಒಪ್ಪಿರುವರು. ಒಂದು ಪದ್ಯದ ಕೊನೆಯ ಪದವನ್ನೇ ಹಿಡಿದು ಮುಂದಿನ ಪದ್ಯವನ್ನು ಆರಂಭಿಸುವುದಕ್ಕೆ 'ಮುಕ್ತಪದಗ್ರಸ್ತ'ವೆಂಬ ಹೆಸರನ್ನಿಟ್ಟು ಲಾಕ್ಷಣಿಕರು ಅದನ್ನು ಚಮತ್ಕಾರವೆಂದು ಮೆಚ್ಚಿಕೊಂಡಿರುವರು. ಕನ್ನಡದ ಜನಪದ ಕಥನಗೀತಗಳಲ್ಲಿ ಇದು ದಿನಬಳಕೆಯ ಕ್ರಮ. ಕವಿಯ ಕೈಯಲ್ಲಿ ಅಲಂಕಾರವೆನಿಸಿದ್ದು ಒಕ್ಕಲಗಿತ್ತಿಯ ಬಾಯಲ್ಲಿ ದೋಷವೆನಿಸುವುದಕ್ಕೆ ಕಾರಣವಿಲ್ಲ.

ತ್ರಿಪದಿಯ ನಿದರ್ಶನದಿಂದ ಇದು ಇನ್ನಷ್ಟು ಸ್ಪಷ್ಟವಾಗುವುದು. ಕರಾವಳಿಯ ಹಾಡುಗಳೆಲ್ಲ ತ್ರಿಪದಿಗಳಲ್ಲವಾದರೂ ಕನ್ನಡ ಹಾಡುಗಬ್ಬದ ಲಕ್ಷಣವನ್ನು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಒರೆಗಲ್ಲು ಇಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಕಾಲದಿಂದ, ಎಂದರೆ ಕ್ರಿ. ಶ. ೭೦೦ರ ಸುಮಾರಿನಿಂದ, ಈ ಮಟ್ಟು ಕನ್ನಡದಲ್ಲಿ ಕಾಣಬರುತ್ತದೆ. ಅದರಲ್ಲಿ ಹನ್ನೊಂದು ಗಣಗಳು. ಮೊದಲಿನ ಎರಡು ಪಾದಗಳಲ್ಲಿ ನಾಲ್ಕು ನಾಲ್ಕು, ಮೂರನೆಯದರಲ್ಲಿ ಮೂರು. ಆರನೆಯದೂ ಹತ್ತನೆಯದೂ ಬ್ರಹ್ಮಗಣಗಳು, ಉಳಿದವು ವಿಷ್ಣುಗಣಗಳು. ಇದು ಬರೆಹದ ತ್ರಿಪದಿ. ಹಾಡುವಾಗಲಾದರೋ ಎರಡನೆಯ ಪಾದವನ್ನು ಮರಳಿ ಹಿಡಿದು ನಾಲ್ಕು ಸಾಲಾಗಿ ಹಾಡುವುದು ರೂಢಿ. ಸಾಂಗತ್ಯವು ಈ ಹಾಡಿಕೆಯಿಂದಲೇ ಹುಟ್ಟಿರಬೇಕೆಂದು ಛಂದಸ್ಸನ್ನು ವಿಚಾರಿಸಿದ ವಿದ್ವಾಂಸರು ಊಹಿಸಿರುವರು. ಈ ಊಹೆಯು ನಿಜವಾದರೆ, ರತ್ನಾಕರವರ್ಣಿಯ 'ಭರತೇಶವೈಭವ'ದಂತಹ ಮಹಾಕಾವ್ಯವನ್ನು ಹೊತ್ತ ಛಂದಸ್ಸೊಂದು ಪುನರಾವೃತ್ತಿಯ ಮಗಳೆಂದಾಯಿತು. ಮರಳಿ ಹಾಡುವುದು ಕೇವಲ ಪುನರುಕ್ತಿಯಾಗಿದ್ದರೆ ಅದರಿಂದ ಒಂದು ಹೊಸ ಬಂಧವು ಹುಟ್ಟುತ್ತಿರಲಿಲ್ಲ.

ಅರ್ಥದ ದೃಷ್ಟಿಯಿಂದಲೂ ಇದನ್ನು ನೋಡಬೇಕು. ತ್ರಿಪದಿಯಲ್ಲಿ ಕನ್ನಡ ವಾಕ್ಯದ ಕ್ರಿಯಾಪದವು ಸಾಮಾನ್ಯವಾಗಿ ಮೂರನೆಯ ಪಾದಕ್ಕೆ ಬಂದು ನಿಲ್ಲುತ್ತದೆ. ಅತ್ತೆಯ ಮನೆಯ ಹೊಸ್ತಿಲಲ್ಲಿ ನಿಂತು ತವರಿನ ದಾರಿಯನ್ನು ನೋಡುವ ಹೆಣ್ಣೊಬ್ಬಳ ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಮೊದಲನೆಯ ಪಾದದಲ್ಲಿ ದಾರಿಯು ಕಾಣಿಸಿತು. ಎರಡನೆಯದರಲ್ಲಿ ಆ ದಾರಿಯಲ್ಲಿ ಯಾರೋ ಬರುತ್ತಿರುವುದು ಕಾಣಿಸಿತು. ಬಂದವನು ಅಣ್ಣನೋ, ಬಳೆಗಾರನೋ ಎಂಬುದು ಮೂರನೆಯ ಪಾದದ ಮಾತು. ಓದುವ ಕಣ್ಣು ಎರಡನೆಯದರಿಂದ ಮೂರನೆಯದಕ್ಕೆ ಒಡನೆ ಇಳಿಯುತ್ತದೆ. ಹಾಡಿನಲ್ಲಿ ಹಾಗಾಗದು. ಎದುರಿನ ಕೊರಳು ಎರಡನೆಯ ಪಾದವನ್ನು ಮರಳಿ ಎತ್ತಿಕೊಳ್ಳುತ್ತದೆ. ದಾರಿಯಲ್ಲಿ ಬರುತ್ತಿರುವವನು ಇನ್ನೂ ಬರುತ್ತಲೇ ಇರುವನು. ಹೊಸ್ತಿಲಲ್ಲಿ ನಿಂತವಳು ಎಷ್ಟು ಹೊತ್ತು ಕಾದಳೋ ಕೇಳುವವರೂ ಅಷ್ಟು ಹೊತ್ತು ಕಾಯುವರು. ಆ ಕಾಯುವಿಕೆಯೇ ಪದ್ಯದ ಭಾವ. ಅದು ಮಾತಿನಲ್ಲಿ ಎಲ್ಲಿಯೂ ಇಲ್ಲ. ಎರಡನೆಯ ಕೊರಳಿನಲ್ಲಿ ಇದೆ. ಧ್ವನಿಕಾರನು ವಾಚ್ಯಕ್ಕಿಂತ ಬೇರೆಯಾದ ಅರ್ಥವೊಂದುಂಟೆಂದು ಸಾಧಿಸಿದನು; ಇಲ್ಲಿ ಆ ಅರ್ಥಕ್ಕೆ ಬೇರೆ ಕೊರಳೇ ಒಂದು ಉಂಟಾಗಿದೆ.

೪

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಒಂಟಿಯಾಗಿ ಹಾಡುವ ಹಾಡುಗಳೂ ಇರುವುವಲ್ಲ ಎಂಬುದು ಮೊದಲನೆಯದು. ಇದು ದಿಟವೇ. ಜೋಗುಳಕ್ಕೆ ಎರಡನೆಯ ಹಾಡುಗಾರ್ತಿಯು ಬೇಕಿಲ್ಲ. ಸತ್ತವರನ್ನು ಹೆಸರಿಸಿ ಅಳುವಾಗ ಯಾರೂ ಸೊಲ್ಲು ಹಿಡಿಯಲಿ ಎಂದು ಕಾಯುವುದಿಲ್ಲ. ಎಲ್ಲ ಜನಪದಗೀತವೂ ಇಬ್ಬರದೆಂದು ಹೇಳುವುದು ಅತಿವ್ಯಾಪ್ತಿಯಾದೀತು. ಆದರೆ ತೊಟ್ಟಿಲ ಬಳಿ ಹಾಡುವವಳೂ ಚಪ್ಪರದಲ್ಲಿ ಹಾಡಿ ಕಲಿತವಳೇ. ಒಂಟಿ ಹಾಡುಗಳಲ್ಲಿಯೂ ಸೊಲ್ಲನ್ನು ಮರಳಿಸುವ ಅಭ್ಯಾಸವು ಉಳಿದಿರುವುದನ್ನು ನೋಡಿದರೆ, ಅಲ್ಲಿ ಎರಡನೆಯವಳ ಕೆಲಸವನ್ನೂ ಒಬ್ಬಳೇ ಮಾಡುತ್ತಿರುವಳೆಂದು ಹೇಳಬಹುದು.

ಎರಡನೆಯ ಆಕ್ಷೇಪವು ಹೆಚ್ಚು ತೂಕವುಳ್ಳದ್ದು. ಮೊದಲು ಹಾಡಿದವಳು ಕಟ್ಟಿದಳು, ಎರಡನೆಯವಳು ಒಪ್ಪಿಸಿದಳು. ಒಪ್ಪಿಸಿದವಳನ್ನು ಕರ್ತೃವೆಂದು ಹೇಗೆ ಕರೆಯುವುದು? ರೋಮನ್ ಯಾಕೊಬ್ಸನ್ ಮತ್ತು ಪ್ಯೋತರ್ ಬೊಗಾತಿರೆವ್ ಎಂಬ ಪಂಡಿತರು ೧೯೨೯ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇದಕ್ಕೆ ಸಹಾಯಕವಾಗಿದೆ. ಬರೆದ ಕಾವ್ಯವು ತನ್ನ ಕಾಲದವರು ಒಪ್ಪದಿದ್ದರೂ ಹಾಳೆಯ ಮೇಲೆ ಉಳಿದುಕೊಂಡು ಮುಂದಿನ ಕಾಲದವರನ್ನು ಕಾಯಬಲ್ಲುದು. ಬಾಯಿಯ ಕಾವ್ಯಕ್ಕೆ ಆ ಸೌಕರ್ಯವಿಲ್ಲ. ಕೇಳಿದವರು ಅದನ್ನು ಎತ್ತಿಕೊಂಡರೆ ಅದು ಬದುಕುತ್ತದೆ, ಎತ್ತಿಕೊಳ್ಳದಿದ್ದರೆ ಹುಟ್ಟಿಯೇ ಇಲ್ಲವೆಂಬಂತಾಗುತ್ತದೆ ಎಂಬುದು ಅವರ ವಾದದ ಸಾರ. ಅವರು ಸಮುದಾಯವೆಂದು ಹೇಳಿದ ಆ ಒಪ್ಪಿಗೆಯ ಅಧಿಕಾರವನ್ನು ಹಾಲಕ್ಕಿಯ ಚಪ್ಪರದಲ್ಲಿ ಮೊಟ್ಟಮೊದಲು ನಡೆಸುವವಳು ಎದುರು ಕುಳಿತವಳು. ಹಾಡಿದವಳು ಒಂದು ಮಾತನ್ನು ಹೊಸದಾಗಿ ಹಾಕಿದರೆ ಅದು ಮುಂದಿನ ಕ್ಷಣದಲ್ಲಿಯೇ ಪರೀಕ್ಷೆಗೆ ಒಳಗಾಗುತ್ತದೆ. ಎದುರಿನವಳು ಅದನ್ನೇ ಹಿಡಿದರೆ ಹೊಸ ಮಾತಿಗೆ ಮುದ್ರೆ ಬಿದ್ದಿತು. ಹಳೆಯ ಮಾತನ್ನೇ ಹಾಡಿದರೆ ಹೊಸದು ಅಲ್ಲಿಗೆ ಬಿದ್ದುಹೋಯಿತು. ಮೂರನೆಯದೊಂದನ್ನು ಹಾಡಿದರೆ ಹಾಡಿಗೆ ಇನ್ನೊಂದು ಪಾಠವು ಹುಟ್ಟಿತು. ಹಸ್ತಪ್ರತಿಗಳ ಪಾಠಾಂತರವನ್ನು ನಿಶ್ಚಯಿಸಲು ಸಂಪಾದಕನು ವರ್ಷಗಟ್ಟಲೆ ಶ್ರಮಿಸುವನು. ಇಲ್ಲಿ ಆ ಕೆಲಸವು ಒಂದು ಉಸಿರಿನ ಅವಧಿಯಲ್ಲಿ ನಡೆದುಹೋಗುತ್ತದೆ.

ಇಬ್ಬರ ಪಾಲುಗಾರಿಕೆಯು ಕನ್ನಡದ ಬರೆಹಕ್ಕೂ ಹೊಸತಲ್ಲ. ಸುಮಾರು ೮೫೦ರ 'ಕವಿರಾಜಮಾರ್ಗ'ವು ನೃಪತುಂಗನದೋ ಶ್ರೀವಿಜಯನದೋ ಎಂಬ ವಾದವು ಬಹುಕಾಲ ನಡೆಯಿತು. ಅರಸನ ಮತವನ್ನು ಕವಿಯು ಗ್ರಂಥರೂಪಕ್ಕೆ ತಂದನೆಂದರೆ ಇಬ್ಬರಿಗೂ ಅದರಲ್ಲಿ ಪಾಲುಂಟೆಂದು ಒಪ್ಪಿದಂತಾಯಿತು. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಮುಂದುವರಿಸಿದನು. ನೃಪತುಂಗ ಶ್ರೀವಿಜಯರ ವಿಚಾರದಲ್ಲಿ ಇಷ್ಟು ಶ್ರದ್ಧೆಯನ್ನು ತೋರಿದ ವಿದ್ವತ್ತು, ಒರಳಿನ ಎರಡು ಬದಿಗಳಲ್ಲಿ ನಿಂತ ಇಬ್ಬರು ಹೆಂಗಸರ ವಿಚಾರದಲ್ಲಿ ಪ್ರಶ್ನೆಯನ್ನೇ ಎತ್ತದಿರುವುದು ಸರಿಯಲ್ಲ.

೫

ಹೊರದೇಶದ ಒಂದು ನಿದರ್ಶನವು ಇಲ್ಲಿ ಬಹು ಉಪಯುಕ್ತವಾಗಿದೆ. ಫಿನ್‌ಲೆಂಡಿನ ಹಳೆಯ ಹಾಡುಗಾರರು ಇಬ್ಬರಿಬ್ಬರಾಗಿ ಎದುರುಬದುರು ಕುಳಿತು ಹಾಡುತ್ತಿದ್ದರೆಂದು ಹದಿನೆಂಟನೆಯ ಶತಮಾನದ ವಿದ್ವಾಂಸ ಪೋರ್ಥಾನನು ವರ್ಣಿಸಿರುವನು. ಮುಖ್ಯ ಹಾಡುಗಾರನು ಸಾಲಿನ ಕೊನೆಯನ್ನು ಮುಟ್ಟುವಾಗ ಜೊತೆಗಾರನು ಸೇರಿಕೊಂಡು ಆ ಸಾಲನ್ನು ಮರಳಿ ಹಾಡುವನು. ಅಷ್ಟರಲ್ಲಿ ಮೊದಲಿನವನು ಮುಂದಿನ ಸಾಲನ್ನು ಕಟ್ಟಿಕೊಳ್ಳುವನು. ಎಲ್ಲೆಡೆಯೂ ಹೀಗೆಯೇ ನಡೆಯುತ್ತಿತ್ತೆಂಬುದನ್ನು ಮುಂದಿನ ಪಂಡಿತರು ಒಪ್ಪಲಿಲ್ಲವಾದರೂ, ಹೀಗೂ ನಡೆಯುತ್ತಿದ್ದುದರಲ್ಲಿ ಸಂದೇಹವಿಲ್ಲ. ಎಲಿಯಾಸ್ ಲೋನ್ರೋಟ್ ಎಂಬುವನು ಇಂತಹ ಹಾಡುಗಳನ್ನು ಕಲೆಹಾಕಿ, ಹೊಂದಿಸಿ, ೧೮೩೫ರಲ್ಲಿಯೂ, ವಿಸ್ತರಿಸಿ ೧೮೪೯ರಲ್ಲಿಯೂ 'ಕಾಲೆವಾಲ'ವೆಂಬ ಮಹಾಕಾವ್ಯವಾಗಿ ಪ್ರಕಟಿಸಿದನು. ಅದು ಆ ಜನಾಂಗಕ್ಕೆ ತಾನೊಂದು ಜನಾಂಗವೆಂಬ ಅರಿವನ್ನು ತಂದುಕೊಟ್ಟಿತು. ಆದರೆ ಪುಸ್ತಕದ ಪುಟದಲ್ಲಿ ಜೊತೆಗಾರನಿಗೆ ಸ್ಥಳವಿರಲಿಲ್ಲ. ಲೋಕಕ್ಕೆ ತಿಳಿದಿರುವುದು ಲೋನ್ರೋಟನ ಹೆಸರು.

ಆ ದೇಶದ ವಿದ್ವಾಂಸರೇ ಮುಂದೆ ಈ ಕೊರತೆಯನ್ನು ಅರಿತು ಬೇರೆ ಹಾದಿಯನ್ನು ಹಿಡಿದರು. ಗೇರುಸೊಪ್ಪೆಯಿಂದ ತೆಂಕಣ ತುಳುನಾಡಿನಲ್ಲಿ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿಪಾಡ್ದನವನ್ನು ಫಿನ್‌ಲೆಂಡಿನ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ೧೯೯೦ರಲ್ಲಿ ಧ್ವನಿಮುದ್ರಿಸಿಕೊಂಡರು. ೧೫,೬೮೩ ಸಾಲುಗಳ ಆ ಪಠ್ಯವು ೧೯೯೮ರಲ್ಲಿ ಅಚ್ಚಾಯಿತು. ಅಲ್ಲಿ ಸಾಲುಗಳನ್ನು ಕಡಿದು ಕಾವ್ಯವನ್ನು ನೇರ್ಪಡಿಸುವ ಕೆಲಸವನ್ನು ಸಂಪಾದಕರು ಮಾಡಲಿಲ್ಲ. ಹಾಡುಗಾರರ ಹೆಸರೂ ಹಾಡಿದ ಸಂದರ್ಭವೂ ಗ್ರಂಥದ ಅಂಗಗಳಾದುವು. ಸಂಗ್ರಹವೆಂಬುದು ಹೂವು ಕೊಯ್ಯುವ ಕೆಲಸವೋ, ಗಿಡವನ್ನು ಬೇರುಸಹಿತ ತಿಳಿಯುವ ಕೆಲಸವೋ ಎಂಬ ಪ್ರಶ್ನೆಗೆ 'ಕಾಲೆವಾಲ'ದಿಂದ ಸಿರಿಯವರೆಗಿನ ಈ ದಾರಿಯು ಉತ್ತರವಾಗಿದೆ.

೬

ಕನ್ನಡದಲ್ಲಿ ಸಂಗ್ರಹದ ಕೆಲಸವು ಸಾಮಾನ್ಯವಾದುದಲ್ಲ. ಫ್ಲೀಟರು ೧೮೮೫ರಿಂದ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದರು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಹೊರತಂದು, ಹಳ್ಳಿಯ ಹೆಂಗಸಿನ ಮಾತು ಕಾವ್ಯವೆಂಬುದನ್ನು ವಿದ್ವಾಂಸರಿಗೆ ಮನಗಾಣಿಸಿದರು. ಉತ್ತರಕನ್ನಡದಲ್ಲಿ ಎಲ್. ಆರ್. ಹೆಗಡೆಯವರೂ, ಹೊನ್ನಾವರದ ಎನ್. ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿಗಳೂ ಊರೂರು ತಿರುಗಿ ಹಾಡುಗಳನ್ನು ಬರೆದುಕೊಳ್ಳದಿದ್ದರೆ ಇಂದು ವಿಮರ್ಶೆಗೆ ವಸ್ತುವೇ ಇರುತ್ತಿರಲಿಲ್ಲ. ಇವರ ಋಣವನ್ನು ಮರೆತು ಆಡುವ ಮಾತು ಕೃತಘ್ನತೆಯಾದೀತು. ಆದರೆ ಮುದ್ರಣದ ಒಂದು ಸಾಮಾನ್ಯ ನಿಯಮವನ್ನು ಇಲ್ಲಿ ಹೇಳಲೇಬೇಕು. ಕಾಗದಕ್ಕೆ ಬೆಲೆಯುಂಟು; ಒಂದೇ ಸಾಲನ್ನು ಎರಡು ಸಲ ಅಚ್ಚುಹಾಕಿದರೆ ಪುಸ್ತಕವು ಇಮ್ಮಡಿಯಾಗುವುದು. ಆದುದರಿಂದ ಮರಳಿ ಹಾಡಿದ ಸಾಲನ್ನು ಬಿಡುವುದು, ಪಲ್ಲವಿಯನ್ನು ಮೊದಲು ಒಮ್ಮೆ ಕೊಟ್ಟು ಸುಮ್ಮನಾಗುವುದು, 'ಹಾಡಿದವರು' ಎಂದು ಒಂದು ಹೆಸರನ್ನು ಕೊಡುವುದು ಜನಪದಗೀತಗಳ ಪ್ರಕಟನೆಯಲ್ಲಿ ರೂಢಿಯಾಯಿತು. ಹೀಗೆ ಎರಡನೆಯ ಕೊರಳು ಯಾರ ದುರುದ್ದೇಶವೂ ಇಲ್ಲದೆ ಕಣ್ಮರೆಯಾಯಿತು.

ಗ್ರಾಮಫೋನು ಇದನ್ನು ಇನ್ನೊಂದು ಬಗೆಯಿಂದ ಮುಂದುವರಿಸಿತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷಗಳ ಹಾಡು ಮಾತ್ರ ಹಿಡಿಯುತ್ತಿತ್ತು. ರಾತ್ರಿಯಿಡೀ ನಡೆಯುವ ಮದುವೆಯ ಪದಕ್ಕೆ ಅದರಲ್ಲಿ ಎಡೆಯೆಲ್ಲಿ? ಆದರೂ ಆ ಕಾಲದ ಒಂದು ನಿದರ್ಶನವು ಸಮಾಧಾನಕರವಾಗಿದೆ. ಕರಾವಳಿಯ ಆರೂರಿನಲ್ಲಿ ಹುಟ್ಟಿದ ಪಿ. ಕಾಳಿಂಗರಾಯರು (೧೯೧೪–೧೯೮೧) ಭಾವಗೀತಗಳನ್ನೂ ಜನಪದಗೀತಗಳನ್ನೂ ನಾಡಿನ ಮನೆಮನೆಗೆ ಮುಟ್ಟಿಸಿದಾಗ ಅವರೊಡನೆ ಮೋಹನಕುಮಾರಿ, ಸೋಹನಕುಮಾರಿ ಎಂಬ ಸೋದರಿಯರು ಹಾಡುತ್ತಿದ್ದರು. ಆ ಹೆಸರುಗಳು ರಾಯರ ಹೆಸರಿನೊಡನೆಯೇ ಉಳಿದುಬಂದಿವೆ. ಜೊತೆಯ ಕೊರಳನ್ನು ಹೆಸರಿಸಿದರೆ ಮುಖ್ಯ ಗಾಯಕನ ಕೀರ್ತಿಯು ಕುಗ್ಗುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಈ ಕಾಲದ ಅತ್ಯಂತ ಮುಖ್ಯವಾದ ಸಂದರ್ಭವೆಂದರೆ ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರದು. ತಾಯಿಯಿಂದ ಹಾಡು ಕಲಿತು, ಹಾಲಕ್ಕಿಗಳ ಸಾವಿರಾರು ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರೆಂದು ಪ್ರಸಿದ್ಧರಾಗಿದ್ದ ಅವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿಯನ್ನಿತ್ತು ಗೌರವಿಸಿತು. ೨೦೧೭ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. ಕಾರವಾರದ ಆಕಾಶವಾಣಿಯೂ ಕರ್ನಾಟಕ ಜಾನಪದ ಅಕಾಡೆಮಿಯೂ ಅವರ ಕೆಲವು ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿರುವುವು. ೨೦೨೫ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಆ ಗೌರವವು ಯೋಗ್ಯರಿಗೇ ಸಂದಿತು. ಒಂದು ಸಮುದಾಯದ ಹಾಡಿಗೆ ದೇಶದ ಕಣ್ಣಿನಲ್ಲಿ ಅದರಿಂದ ಮಾನ್ಯತೆಯುಂಟಾಯಿತು. ಆದರೆ ಬಿರುದು ಒಬ್ಬರ ಎದೆಗೆ ಮಾತ್ರ ಏರಬಲ್ಲುದು. ಹಾಡು ಅವರ ಎದುರು ಕುಳಿತವರಿಗೂ ಸೇರಿತ್ತು. ಸುಕ್ರಿಯವರೊಡನೆ ಎಷ್ಟು ಹಾಡುಗಳು ಹೋದುವು ಎಂದು ಎಣಿಸುವುದು ನೆನಪನ್ನು ಕಣಜವೆಂದು ತಿಳಿಯುವವರ ಲೆಕ್ಕ. ಅವರು ಸೊಲ್ಲೆತ್ತಿದಾಗ ಅದನ್ನು ಹಿಡಿಯಬಲ್ಲವರು ಎಷ್ಟು ಜನ ಉಳಿದಿರುವರು ಎಂಬುದು ಹಾಡನ್ನು ನಡೆಯೆಂದು ತಿಳಿಯುವವರ ಲೆಕ್ಕ. ಮೊದಲನೆಯ ಲೆಕ್ಕವನ್ನು ಧ್ವನಿಮುದ್ರಣವು ತುಂಬಿಕೊಡಬಲ್ಲುದು. ಎರಡನೆಯದನ್ನು ತುಂಬಲಾರದು, ಏಕೆಂದರೆ ಯಂತ್ರವು ಹಾಡನ್ನು ಮರಳಿಸುತ್ತದೆ, ಆದರೆ ತಪ್ಪಿದ ಮಾತನ್ನು ತಿದ್ದುವುದಿಲ್ಲ, ಹೊಸ ಮಾತಿಗೆ ಒಪ್ಪಿಗೆಯನ್ನು ಕೊಡುವುದಿಲ್ಲ.

ಶಾಸನವು ಈ ವಿಷಯದಲ್ಲಿ ವಿಮರ್ಶೆಗಿಂತ ಮುಂದೆ ಇರುವುದು ಆಶ್ಚರ್ಯಕರ. ಭಾರತದ ೧೯೫೭ರ ಕೃತಿಸ್ವಾಮ್ಯದ ಶಾಸನವು ಇಬ್ಬರು ಅಥವಾ ಹೆಚ್ಚು ಜನರು ಕೂಡಿ ರಚಿಸಿ, ಒಬ್ಬರ ಪಾಲನ್ನು ಇನ್ನೊಬ್ಬರದರಿಂದ ಬೇರ್ಪಡಿಸಲಾಗದ ಕೃತಿಯನ್ನು ಜಂಟಿ ಕರ್ತೃತ್ವದ ಕೃತಿಯೆಂದು ಹೇಳುತ್ತದೆ. ೧೯೯೪ರ ತಿದ್ದುಪಡಿಯು ಹಾಡುವವರಿಗೂ ನುಡಿಸುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕನ್ನು ಕೊಟ್ಟಿತು. ಪರಂಪರೆಯ ಪದವು ಯಾರೊಬ್ಬರ ಸ್ವತ್ತೂ ಅಲ್ಲದಿರಬಹುದು; ಆದರೆ ಅದನ್ನು ಒಂದು ದಿನ, ಒಂದು ಚಪ್ಪರದಲ್ಲಿ ಹಾಡಿದ ಇಬ್ಬರಲ್ಲಿ ಇಬ್ಬರೂ ಹಾಡುಗಾರರೇ. ಬೇರ್ಪಡಿಸಲಾಗದ ಪಾಲು ಎಂಬ ಶಾಸನದ ಮಾತು ಎರಡು ಕೊರಳಿನ ಹಾಡಿಗೆ ಒಪ್ಪುವಷ್ಟು ಬೇರೆ ಯಾವ ಕೃತಿಗೂ ಒಪ್ಪಲಾರದು.

೭

ಮೇಲ್ಕಂಡ ವಿಚಾರದಿಂದ ಫಲಿಸುವ ಕಾರ್ಯಗಳು ದೊಡ್ಡವಲ್ಲ. ಇನ್ನು ಮುಂದೆ ಅಚ್ಚಾಗುವ ಸಂಕಲನಗಳಲ್ಲಿ ಮರಳಿ ಹಾಡಿದ ಸಾಲನ್ನು ಪೂರ್ತಿಯಾಗಿ ಕೊಡಲಾಗದಿದ್ದರೂ, ಅದು ಎಲ್ಲಿ ಆರಂಭವಾಯಿತು, ಎಲ್ಲಿ ಮಾತು ಬದಲಾಯಿತು ಎಂಬುದನ್ನು ಒಂದು ಗುರುತಿನಿಂದ ಸೂಚಿಸಬಹುದು. ಹಸ್ತಪ್ರತಿಗಳ ಪಾಠಾಂತರವನ್ನು ಪುಟದ ಅಡಿಯಲ್ಲಿ ಕೊಡುವ ಸಂಪಾದಕರಿಗೆ ಇದು ಹೊಸ ವಿದ್ಯೆಯೇನಲ್ಲ. ಸೊಲ್ಲೆತ್ತಿದವಳ ಹೆಸರನ್ನು ಕೊಡುವಲ್ಲಿ ಸೊಲ್ಲು ಹಿಡಿದವಳ ಹೆಸರನ್ನೂ ಕೇಳಿ ಬರೆದುಕೊಳ್ಳಬೇಕು. ಹಳೆಯ ಧ್ವನಿಮುದ್ರಣಗಳನ್ನು ಕಾಪಾಡುವ ಸಂಸ್ಥೆಗಳು ಅವುಗಳಲ್ಲಿ ಕೇಳಿಬರುವ ಎರಡನೆಯ ಕೊರಳು ಯಾರದೆಂಬುದನ್ನು, ಬಲ್ಲವರು ಇನ್ನೂ ಇರುವಾಗಲೇ, ವಿಚಾರಿಸಿ ದಾಖಲುಮಾಡಬೇಕು. ಜನಪದದ ಮಟ್ಟಿನಲ್ಲಿ ಹೊಸ ಪದ ಕಟ್ಟಿ ಬಿಡಿಹಾಡುಗಳನ್ನು ಹೊರತರುವವರೂ ಇಬ್ಬರ ಹೆಸರನ್ನು ಸಮನಾಗಿ ಬರೆಯುವುದನ್ನು ಹೊಸ ಶಿಷ್ಟಾಚಾರವೆಂದು ತಿಳಿಯದೆ, ಹಳೆಯ ಧರ್ಮವೆಂದು ತಿಳಿಯಬೇಕು. ಅಂತಹ ಹಾಡನ್ನು ಪರೀಕ್ಷಿಸುವ ವಿಮರ್ಶಕನು ಕೇಳಬೇಕಾದ ಪ್ರಶ್ನೆಯೂ ಇದರಿಂದಲೇ ದೊರೆಯುತ್ತದೆ. ಇಲ್ಲಿ ಎರಡು ಕೊರಳುಗಳು ಒಂದನ್ನೊಂದು ಕೇಳಿಕೊಂಡು ಹಾಡಿವೆಯೋ, ಒಂದರ ಮೇಲೊಂದನ್ನು ಸುಮ್ಮನೆ ಹೊಂದಿಸಿ ಇಡಲಾಗಿದೆಯೋ? ಮೊದಲನೆಯದಾದರೆ ಅದು ಹಳೆಯ ಒರಳಿನ ಹಾಡಿಗೆ ನೆಂಟು. ಎರಡನೆಯದಾದರೆ ಇಬ್ಬರ ಹೆಸರಿದ್ದರೂ ಒಂಟಿಹಾಡೇ.

ಶಾಲೆಕಾಲೇಜುಗಳಲ್ಲಿ ಈ ಹಾಡುಗಳನ್ನು ಪಾಠಹೇಳುವ ಉಪಾಧ್ಯಾಯರಿಗೆ ಇದಕ್ಕಿಂತ ಸುಲಭವಾದ ಕೆಲಸವೊಂದುಂಟು. ತ್ರಿಪದಿಯನ್ನು ಒಬ್ಬ ವಿದ್ಯಾರ್ಥಿಯಿಂದ ಓದಿಸಿ ಅರ್ಥ ಹೇಳುವ ಮೊದಲು, ಇಬ್ಬರನ್ನು ಎದುರುಬದುರು ನಿಲ್ಲಿಸಿ, ಎರಡನೆಯ ಪಾದವನ್ನು ಇನ್ನೊಬ್ಬನಿಂದ ಮರಳಿ ಹೇಳಿಸಬಹುದು. ಮೂರನೆಯ ಪಾದವು ಬರುವ ಮುಂಚೆ ತರಗತಿಯು ಒಂದು ಉಸಿರಿನಷ್ಟು ಹೊತ್ತು ಕಾಯುತ್ತದೆ. ಗೇರುಸೊಪ್ಪೆಯ ಅರಮನೆಯ ಪಂಡಿತರು ಬರೆದಿಟ್ಟ ಲಕ್ಷಣಗ್ರಂಥಗಳಲ್ಲಿ ಇಲ್ಲದ ಲಕ್ಷಣವೊಂದು ಆ ಕಾಯುವಿಕೆಯಲ್ಲಿ ವಿದ್ಯಾರ್ಥಿಗಳಿಗೆ ತಾನಾಗಿಯೇ ತಿಳಿದುಬರುವುದು.